ಹದಿನಾಲ್ಕು ಸೀರಿ, ಒಂದು ನೆಲ

"ಟ್ರಂಕ್ ಇಲ್ಲ!"

ಕಸ್ತೂರೆವ್ವ ಒದರಿದ್ದು ಇಳಕಲ್ಲಿನ ಆ ಓಣಿಗಷ್ಟಽ ಅಲ್ಲ, ಹುನಗುಂದದ ತನಕಾ ಕೇಳಿಸಿರಬೇಕು. ಪಕ್ಕದ ಮನಿ ಬಾಳಮ್ಮ ರೊಟ್ಟಿ ಹಂಚಿನ ಮ್ಯಾಲಽ ಬಿಟ್ಟು ಓಡಿ ಬಂದ್ಳು. ಓಡಿ ಅಂದ್ರ, ಎಪ್ಪತ್ತೆರಡು ವರ್ಷದ ಮೊಣಕಾಲು ಎಷ್ಟು ಓಡ್ತಾವೋ ಅಷ್ಟು. ಬಾಗಲ ಮುಂದಿನ ಗರಸುಮಣ್ಣಿನ ಗುಂಪಿ ಎಡವಿ, "ಬಾದಾಮಿ ಗುಡ್ಡಾನಽ ತಂದು ಇಲ್ಲಿ ಒಟ್ಯಾರಲ್ಲಽ" ಅಂತ ಬೈಕೋಂತ ಒಳಗ ಹೊಕ್ಕಳು.

ಪಡಸಾಲ್ಯಾಗ ಬಾಗಲಕೋಟಿಯಿಂದ ಬಂದ ಸೀರಿ ವ್ಯಾಪಾರಿ ಚಹಾದ ಕಪ್ಪು ಹಿಡಕೊಂಡು ಕುಂತಿದ್ದ. ಕಸ್ತೂರೆವ್ವ ಅಟ್ಟದಿಂದ ಬರಿಗೈಲೆ ಇಳದು, ನಿಚ್ಚಣಿಕಿ ಬುಡಕ ನಿಂತಿದ್ಳು.

ಆ ಟ್ರಂಕಿನ್ಯಾಗ ಏನಿತ್ತು ಅನ್ನೂದು ಓಣಿಗೆಲ್ಲಾ ಗೊತ್ತು. ಆಕಿ ಗಂಡ ಗಾಳೆಪ್ಪ ಸಾಯೂದಕ್ಕ ಮೊದಲ ನೇಯ್ದಿಟ್ಟ ಹದಿನಾಲ್ಕು ರೇಷ್ಮಿ ಸೀರಿ. ಮನಿ ನೆಲದ ಫರಸಿಕಲ್ಲು ಒಡದು, ಒಳಗಿಂದ ಥಂಡಿ ಏಳತಿತ್ತು. ಆ ಥಂಡ್ಯಾಗ, ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ನಲವತ್ತು ವರ್ಷ ಕುಂತು ಗಾಳೆಪ್ಪನ ಎದಿ ಕೆಟ್ಟಿತ್ತು. "ಸೀರಿ ಮಾರು, ಆ ಕುಣಿ ಮುಚ್ಚಸು, ನೆಲಾ ಹೊಸಾದು ಮಾಡಸು" ಅಂತ ಹೆಂಡತಿಗೆ ಹೇಳಿ ಕಣ್ಣು ಮುಚ್ಚಿದ್ದ. ಇದಾಗಿ ಐದು ತಿಂಗಳು.

ಮಗ ಧರ್ಮರಾಜ ಕಾರಕೂನ. ಎರಡು ತಿಂಗಳು ವಹಿ ಹಿಡಕೊಂಡು ಕುಂತು ನೆಲದ ಲೆಕ್ಕಾ ಬರದಿದ್ದ. ಐದನೂರು ಫೂಟು ಟೈಲ್ಸ್, ಸಿಮೆಂಟು, ಉಸುಕು, ಕುಣಿ ತುಂಬಾಕ ಗರಸು, ಗೌಂಡಿ ಪಗಾರ, ಎಲ್ಲಾ ಕೂಡಿ ಒಂದು ಲಕ್ಷ ಹನ್ನೆರಡು ಸಾವಿರ. ರೊಕ್ಕ ಬರೂ ಕಡೆ ಒಂದಽ ಸಾಲು — ಹದಿನಾಲ್ಕು ಸೀರಿ, ಒಂದಕ್ಕ ಎಂಟು ಸಾವಿರ. ಸೀರಿ ಮಾರಿದ ಮ್ಯಾಲ ಕೊಡೂದಂತ ಸಾಮಾನು ಉದ್ರಿ ತಂದು ಕೆಲಸಾ ಹಚ್ಚಿದ್ದ.

ಈಗ ಆ ಒಂದು ಸಾಲೂ ಮನಿ ಬಿಟ್ಟು ಹೋಗಿತ್ತು.

"ಯಾರು ಒಯ್ದಾರ ಅಂತ ಕೇಳಬೇಕೇನು?" ಧರ್ಮರಾಜ ಅಂದ. "ನಾಕು ದಿನದಿಂದ ಮನ್ಯಾಗ ಓಡ್ಯಾಡಿದಾಂವ ಯಾಂವ?"

ಎಲ್ಲಾರ ಕಣ್ಣು ಗೌಂಡಿ ಖಾಸಿಂಸಾಬನ ಮ್ಯಾಲೆ ಹೋದುವು. ಮುದುಕ ಉಸುಕಿನ ಕೈಲೆ ಹಂಗಽ ನಿಂತಿದ್ದ.

"ಅಲ್ಲಾನ ಆಣಿ, ನಾ ಅಟ್ಟಾ ಹತ್ತಿಲ್ರಿ. ಈ ಊರಾಗ ಮೂವತ್ತೈದು ವರ್ಷ ನೆಲಾ ಹಾಕೀನಿ. ಒಂದು ಮೊಳಿ ಕಿಸೆದಾಗ ಹಾಕಿಲ್ಲ."

"ಸಿಮೆಂಟಿನ ಥಾಪಿ, ಸಾಮಾನಿನ ಚೀಲಾ ಇಲ್ಲೇ ಬಿಟ್ಟು ನಡಿ" ಅಂದ ಧರ್ಮರಾಜ. " ಪಗಾರಾನೂ ಇಲ್ಲ. ಪೋಲೀಸರಿಗೆ ಕೊಡಂಗಿಲ್ಲ, ಅದಽ ನಿನ್ನ ಪುಣ್ಯ."

ಖಾಸಿಂಸಾಬ ಗ್ವಾಡಿಗೆ ಬೆನ್ನು ಹಚ್ಚಿ ಕುಂತುಬಿಟ್ಟ. ವ್ಯಾಪಾರಿ ಚಹಾ ಅರ್ಧಕ್ಕಽ ಇಟ್ಟು ಎದ್ದು ಹೋದ. ಸುದ್ದಿ ಅವನಕಿಂತ ಮುಂಚೆ ಅಗಸಿ ದಾಟಿತ್ತು. ನೆರಳು ಸರಿಯೂದ್ರಾಗ ಎರಡು ಮನಿಯಾವ್ರು ಮಂದಿ ಕಳಿಸಿ ಹೇಳಿದ್ರು — "ಖಾಸಿಂಸಾಬ್ಗ ನಮ್ಮ ಮನಿ ಕೆಲಸಕ್ಕ ಬರಬ್ಯಾಡ ಅನ್ರಿ." ಪರರ ಮನ್ಯಾಗ ದುಡಿಯೂ ಗೌಂಡಿಗೆ ಹೆಸರು ಹೋದ್ರ ಅನ್ನಾನಽ ಹೋದಂಗ.

ಬಾಳಮ್ಮ ಧರ್ಮರಾಜನ ಮಾರಿ ನೋಡಿದ್ಳು. ಲಕ್ಷ ರೂಪಾಯಿ ಕಳಕೊಂಡಾಂವ ಪೋಲೀಸರ ಬ್ಯಾಡ ಅಂತಾನ? ಇವ ಒಂದು ಟೈಲ್ಸ್ ಸೀಳಿದ್ರ ಅಂಗಡಿಯಾವನ ಏಳು ತಲಿಮಾರು ಬೈದು ಬಂದಾಂವ!

"ಏ ಕಸ್ತೂರಿ, ಅಳೂದು ಆಮ್ಯಾಲ ಅಳವಂತಿ. ಟ್ರಂಕ್ ಕಡೀಕ ಯಾವತ್ತು ನೋಡಿದ್ದಿ?"

"ಗುರುವಾರ ಸಂಜಿಕ, ಅಕ್ಕಾ. ಅಟ್ಟದ ಮ್ಯಾಲಽ ಇತ್ತು."

"ತಗದು ನೋಡಿದ್ದೇನು?"

"ಅವ್ರು ಹೋದಮ್ಯಾಲ ತಗಿಯೂ ಧೈರ್ಯ ಆಗಿಲ್ಲ. ಸೀರಿ ಮಕ ನೋಡಿದ್ರ ಅವ್ರ ಮಕಾನಽ ಕಂಡಂಗ ಆಕ್ಕಿತ್ತು."

"ಗುರುವಾರದ ಮ್ಯಾಲ ಯಾರ ಯಾರ ಬಂದಾರ?"

"ಶನಿವಾರ ಅಳಿಯ ಸಂಗಮೇಶ ಬಾದಾಮಿಯಿಂದ ಟಂಟಂ ಗಾಡಿ ತಂದಿದ್ದ. ಹಳೇ ಫರಸಿ ಹೇರಕೊಂಡು ಹೋದ."

"ಸೀರ್ಯಾಗ ಪಾಲು ಬೇಕಂತ ಹಾರ್ಯಾಡಿದಾಂವಲ್ಲ ಅಂವ?"

ಬಾಳಮ್ಮ ಕಸ್ತೂರೆವ್ವನ ಫೋನು ಇಸಕೊಂಡು ಅಳಿಯಗ ಹಚ್ಚಿ, ಎಲ್ಲಾರಿಗೂ ಕೇಳೂವಂಗ ಸ್ಪೀಕರ್ ಒತ್ತಿದ್ಳು. "ಏನಪಾ ಅಳಿಯದೇವ್ರಾ, ಫರಸಿ ಬುಡಕ ಟ್ರಂಕೂ ಒಯ್ದೇನು?"

"ಆಯೀ, ಬಾಯಾಗ ಹುಳ ಬಿದ್ದಾವು ನೋಡ್ರಿ! ಖಾಸಿಂಸಾಬನಽ ನಿಂತು ಹೇರಿಸ್ಯಾನ. ಇಪ್ಪತ್ತೆರಡು ಫರಸಿ, ಎಲ್ಲಾ ಎಮ್ಮಿ ಕಟ್ಟೂ ಜಾಗಾಕ ಹಾಸೀನಿ. ಬಂದು ಎಮ್ಮೀನಽ ಕೇಳ್ರಿ!"

ಖಾಸಿಂಸಾಬ ಹೌದು ಅಂತ ಗೋಣು ಹಾಕಿದ. ತನ್ನ ಮ್ಯಾಲಿನ ಕಳವು ಇನ್ನೊಬ್ಬಗ ದಾಟಿಸೂ ಅವಕಾಶ ಇತ್ತು. ದಾಟಿಸಲಿಲ್ಲ.

ಬಾಳಮ್ಮ ಅವನ ಎದುರು ಕುಂತಳು. "ಖಾಸಿಂಸಾಬಾ, ಬಾಗಲ ಮುಂದ ಕಾಲು ಮುರಿಯೂವಂಗ ಗರಸು ಯಾಕ ಬಿಟ್ಟಿ?"

"ಉಳೀತ್ರೀ ಅದು. ಹತ್ತು ಬುಟ್ಟಿ."

"ಹೆಚ್ಚಿಗಿ ತರಿಸಿದ್ದೇನು?"

"ಇಲ್ರೀ. ಕುಣಿ ಅಳದು ತೊಂಬತ್ತು ಬುಟ್ಟಿ ಅಂದಿದ್ದೆ. ದಿಮ್ಮಸಲೆ ಬಡದು ಗಟ್ಟಿ ಮಾಡಿ ತುಂಬಿದ್ರ ಎಂಬತ್ತಕ್ಕಽ ಮಟ್ಟ ಆತು. ಇಂಥಾ ಕುಣಿ ಇನ್ನೂರು ಮುಚ್ಚೀನಿ. ಹತ್ತು ಬುಟ್ಟಿ ಎಂದೂ ತಪ್ಪಿಲ್ರಿ. ವಯಸ್ಸಾತು ಅಂತ ಸುಮ್ಮನಾದೆ."

"ಧರ್ಮರಾಜ ಏನಂದ?"

"ಏನೂ ಅನ್ಲಿಲ್ಲ."

"ಏನೂ?"

"ಹೂಂ. ನಂಗೂ ಸೋಜಿಗ ಆತು. ಗುರುವಾರ ಅರ್ಧಾ ಚೀಲ ಸಿಮೆಂಟಿಗೆ ಒಂದು ತಾಸು ಬೈದಿದ್ರು."

"ಕುಣಿ ಯಾವಾಗ ತುಂಬಿದ್ರಿ?"

"ಶುಕ್ರವಾರ ಮಧ್ಯಾಹ್ನ. ಮುಂಜಾನೆ ಕುಣಿ ಖಾಲಿ ಮಾಡಿ ನಮಾಜಕ್ಕ ಹೋದೆ. ತಿರುಗಿ ಬರೂದ್ರಾಗ ಧರ್ಮರಾಜ ಸಾಹೇಬ್ರು ತಾವಽ ಇಪ್ಪತ್ತು ಬುಟ್ಟಿ ಹಾಕಿದ್ರು. 'ಅಪ್ಪನ ಕುಣಿ, ಮೊದಲ ಮಣ್ಣು ಮಗಂದಽ ಇರಲಿ' ಅಂದ್ರು."

ಬಾಳಮ್ಮ ಕಣ್ಣು ಮುಚ್ಚಿದ್ಳು. ಆ ಶುಕ್ರವಾರ ಮಧ್ಯಾಹ್ನ ಆಕೀನಽ ಕಸ್ತೂರೆವ್ವನ್ನ ಮಠಕ್ಕ ಪ್ರಸಾದಕ್ಕ ಕರಕೊಂಡು ಹೋಗಿದ್ಳು. ಮನ್ಯಾಗ ಉಳದಾಂವ ಒಬ್ಬನಽ.

"ಖಾಸಿಂಸಾಬಾ, ಹಾರಿ ತಗೊ. ಕುಣಿ ಅಗಿ."

"ಆಯೀ!" ಧರ್ಮರಾಜ ಎದ್ದು ನಿಂತ. "ಮುಚ್ಚಿದ್ದು ಯಾಕ ತಗೀಬೇಕು? ಮತ್ತ ಖರ್ಚು ಆಗಂಗಿಲ್ಲೇನು?"

"ಈಗ ನೆನಪಾತೇನೋ ಖರ್ಚು? ಹತ್ತು ಬುಟ್ಟಿ ಗರಸು ಉಳದಾಗ ನಿನ್ನ ಬಾಯಿ ಎಲ್ಲಿ ಹೋಗಿತ್ತು? ಅಂಗಡಿಗೆ ಹೊಳ್ಳಿ ಕೊಡು ಅನ್ನಲಿಲ್ಲ, ಗೌಂಡಿ ಅಳತಿ ತಪ್ಪಿದ ಅಂತ ಪಗಾರಾ ಮುರೀಲಿಲ್ಲ. ಯಾಕ? ಅಳತಿ ತಪ್ಪಿಲ್ಲ ಅಂತ ನಿನಗ ಗೊತ್ತಿತ್ತು. ಕುಣಿ ತೊಂಬತ್ತು ಬುಟ್ಟೀದಽ. ಹತ್ತು ಬುಟ್ಟಿ ಜಾಗಾದಾಗ ಬ್ಯಾರೆ ಏನೋ ಕುಂತೈತಿ. ಒಂದು ಟ್ರಂಕಿನಷ್ಟು."

ಧರ್ಮರಾಜ ಕುಂತ. ಖಾಸಿಂಸಾಬ ಹಾರಿ ಹಾಕಿದ. ಮೂರು ಫೂಟು ಇಳದಮ್ಯಾಲ ತಗಡು ಠಣ್ ಅಂತು.

ಕಸ್ತೂರೆವ್ವ ನಡಾದಾಗಿನ ಕೀಲಿಕೈ ಬಿಚ್ಚಿ ಟ್ರಂಕ್ ತಾನಽ ತಗದ್ಳು. ಒಳಗ ರೇಷ್ಮಿ ಇರಲಿಲ್ಲ. ಒಡದ ಫರಸಿ ಚೂರು ತುಂಬಿದ್ದುವು.

"ಸೀರಿ ಎಲ್ಲೋ?" ಆಕಿ ದನಿ ಬಾವ್ಯಾಗಿಂದ ಬಂದಂಗ ಬಂತು.

"ಅಪ್ಪ ಬದುಕಿದ್ದಾಗಽ ಹೋದುವವ್ವಾ." ಅವನ ಕಣ್ಣು ನೆಲದಾಗ. "ಬಾಗಲಕೋಟಿ ದವಾಖಾನಿ ಬಿಲ್ಲು ನನ್ನ ಪಗಾರದಾಗ ಮುಗೀತಿತ್ತೇನು? ಕೀಲಿಕೈ ನೀ ಅಪ್ಪನ ತೆಲಿದಿಂಬಿನ ಬುಡಕ ಇಟ್ಟಿದ್ದಿ. ಒಂದೊಂದಽ ಒಯ್ದು ಮಾರಿದೆ, ತೂಕ ಕಮ್ಮಿ ಆಗಬಾರದಂತ ಫರಸಿ ಚೂರು ತುಂಬಿಟ್ಟೆ. ಅಪ್ಪಗ ತಿಳದ್ರ ಆ ದಿನಾನಽ ಎದ್ದು ಮನಿಗೆ ಬರ್ತಿದ್ದ."

"ಅವ್ರು ಹೋದಮ್ಯಾಲರ ನನಗ ಹೇಳಬಾರದೇನೋ?"

"ಹೆಂಗ ಹೇಳಲಿ? ಓಣಿ ತುಂಬ 'ಮಗ ತನ್ನ ರಕ್ತಾ ಬಸದು ಅಪ್ಪಗ ಸುರದಾನ, ಇಂಥಾ ಮಗ ಏಳು ಜಿಲ್ಲಾದಾಗ ಇಲ್ಲ' ಅಂತಿದ್ರು. ನೀ ಅದನ್ನ ಕೇಳಿ ನಗತಿದ್ದಿ. ಅಪ್ಪ ಹೋದಮ್ಯಾಲ ನೀ ನಕ್ಕಿದ್ದು ಅದೊಂದಕ್ಕಽ. ನೀ ನೆಲಾ ನೆಲಾ ಅಂದಿ, ನಾ ಲೆಕ್ಕಾ ಬರಕೋಂತ ಹೋದೆ. ವ್ಯಾಪಾರಿ ಇವತ್ತು ಬರತೇನಿ ಅಂತ ಹೇಳಿ ಕಳಿಸಿದ, ಶುಕ್ರವಾರ ಟ್ರಂಕ್ ಕುಣ್ಯಾಗ ಹುಗದೆ..."

ಏಳು ಜಿಲ್ಲಾದ ಮಾತು ಬಾಳಮ್ಮಂದಽ. ನಳದ ಕಡೆ, ಗಿರಣಿ ಕಡೆ, ಮಠದ ಕಟ್ಟಿ ಮ್ಯಾಲ, ಎಲ್ಲಾ ಕಡೆ ಆಕೀನಽ ಹೊತ್ತು ತಿರಗ್ಯಾಳ. ಮಂದಿ ಬಾಯಿ ತಗೀಲಿ ಅಂತ ಒಂದಕ್ಕ ಹತ್ತು ಹಚ್ಚಿ. ಒಬ್ಬ ಕಾರಕೂನನ್ನ ಕಲ್ಲಿನ ದೇವ್ರು ಮಾಡಿಟ್ಟಿದ್ಳು, ಅಂವಗ ಕೆಳಗ ಇಳಿಯೂ ದಾರಿ ಸಿಗಲಿಲ್ಲ.

ಕಸ್ತೂರೆವ್ವ ಟ್ರಂಕಿನ ಬಾಯಿ ಮುಚ್ಚಿದ್ಳು.

"ಸೀರಿ ಹೋದ್ರ ಹೋಗಲಿ. ಅವ್ರು ನೇಯ್ದಿದ್ದು ಅವ್ರಿಗಽ ಸಂದಿತು. ಆದ್ರ ಈ ಮನಷ್ಯಾ ನಿನಗೇನು ಮಾಡಿದ್ದನೋ?"

ಆಕಿ ಗೌಂಡಿ ಚೀಲದ ಕಡೆ ಕೈ ಮಾಡಿದ್ಳು.

"ಅವನ ಚೀಲಾ ಹೊರು. ಅವನ ಮನಿ ತನಕಾ. ಹಗಲೊತ್ತಿನ್ಯಾಗ, ಎಲ್ಲಾರೂ ನೋಡೂವಂಗ."

ಧರ್ಮರಾಜ ಚೀಲ ಹೊತ್ತ. ಖಾಸಿಂಸಾಬ ಹಿಂದ, ಅವನ ಹಿಂದ ಬಾಳಮ್ಮ. ಗೌಂಡಿ ಮನಿ ಬಾಗಲದಾಗ ಅವನ ಹೆಂಡತಿ ದೌಲತಬಿ ನಿಂತಿದ್ಳು. ಎಲ್ಲಾ ಕೇಳಿಕೊಂಡ್ಳು. ಚೀಲಾ ಇಸಕೊಂಡ್ಳು. ಒಳಗ ಬರ್ರಿ ಅನ್ನಲಿಲ್ಲ.

"ಚೀಲಾ ಬಂತು. ಆದ್ರ ಎರಡು ಮನಿಯಾವ್ರು ಬರಬ್ಯಾಡ ಅಂದಾರಂತ. ಅಲ್ಲಿಗೆ ಯಾರು ಹೋಗಿ ಹೇಳ್ತಾರ್ರಿ? ಬಾಳಮ್ಮಾಯಿ ಹೇಳಿದ್ರ ಅರ್ಧಾ ಸುಳ್ಳು ಅಂತ ನಗತಾರ."

ಬಾಳಮ್ಮಗ ಸಿಟ್ಟು ಬರಲಿಲ್ಲ. ಖರೆ ಮಾತಿಗೆ ಹೆಂಗ ಬಂದೀತು?

"ನಾ ಹೋಗ್ತೇನ್ರಿ" ಅಂದ ಧರ್ಮರಾಜ.

ಮೊದಲನೇ ಮನಿ ಓಣಿ ತುದ್ಯಾಗ. ಬಾಗಲ ಮುಂದ ಬಂದು ಅಂವ ನಿಂತ, ಹೊಳ್ಳಿ ಬಾಳಮ್ಮನ ಕಡೆ ನೋಡಿದ. ಆಕಿ ಸೆರಗಿನ ತುದಿ ತನ್ನ ಬಾಯಾಗ ತುರಕೊಂಡ್ಳು. ಮನಿ ಮಾಲಕ ಹೊರಗ ಬಂದ. "ಏನಪಾ ಧರ್ಮರಾಜ, ಕಳ್ಳ ಸಿಕ್ಕನೇನು?"

"ಸಿಕ್ಕಾನ್ರಿ" ಅಂದ ಅಂವ. "ನಾನಽ ಅದೇನಿ."