ಬೀಗ ಬಿಚ್ಚದ ಕೈಕೋಳ

ಮಂಚ ಖಾಲಿಯಿತ್ತು. ಕೈಕೋಳ ಅಲ್ಲೇ ಇತ್ತು.

ಒಂದು ಬಳೆ ಮಂಚದ ಕಂಬಿಗೆ ಬಿಗಿದಿತ್ತು. ಇನ್ನೊಂದು ಬರಿದಾಗಿ ತೂಗುತ್ತಿತ್ತು. ಎರಡಕ್ಕೂ ಬೀಗ ಬಿದ್ದಿತ್ತು.

ಬನಶಂಕರಿ ಎರಡನೇ ಹಂತದ ಆಸ್ಪತ್ರೆಯೊಂದರ ಮೂರನೇ ಮಹಡಿ. ಬೆಳಿಗ್ಗೆ ಹತ್ತೂ ಮುಕ್ಕಾಲು. ಮನೆಗಳ್ಳತನದ ಆರೋಪಿ ಸುಮನ್ ವಿಚಾರಣೆಯ ನಡುವೆ ಹೊಟ್ಟೆನೋವೆಂದು ನರಳಿ, ಹಿಂದಿನ ಸಂಜೆ ಇಲ್ಲಿ ದಾಖಲಾಗಿದ್ದ. ಪದ್ಮನಾಭನಗರದ ಐದು ಮನೆಗಳಲ್ಲಿ ಅವನು ಒಡವೆ ಇದ್ದ ಕಪಾಟನ್ನು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಸುಳಿವು ಕೊಟ್ಟವರು ಯಾರೆಂದು ಇನ್ನೂ ಬಾಯಿಬಿಟ್ಟಿರಲಿಲ್ಲ.

ಕಾವಲಿಗಿದ್ದವರು ಹೆಡ್ ಕಾನ್‌ಸ್ಟೆಬಲ್ ಕರೆಪ್ಪ ಒಬ್ಬರೇ. ಜೊತೆಗಾರನನ್ನು ಬಂದೋಬಸ್ತಿಗೆ ಕರೆಸಿಕೊಂಡಿದ್ದರು. ನರ್ಸ್ ಕೊಟ್ಟ ಚೀಟಿ ಹಿಡಿದು ಕರೆಪ್ಪ ಕೆಳಗಿನ ಔಷಧದಂಗಡಿಗೆ ಹೋಗಿ ಬರುವಷ್ಟರಲ್ಲಿ, ಹನ್ನೆರಡೇ ನಿಮಿಷದಲ್ಲಿ, ಸುಮನ್ ಮಾಯವಾಗಿದ್ದ.

"ಕೀಲಿ ಎಲ್ರೀ?" ಇನ್‌ಸ್ಪೆಕ್ಟರ್ ರೇವಣಸಿದ್ದಪ್ಪ ಕೇಳಿದರು.

"ಜೇಬಲ್ಲೇ ಇದೆ ಸಾರ್."

"ಹಂಗಾದ್ರೆ ಮಂತ್ರ ಹಾಕ್ಕೊಂಡು ಹೋದ್ನಾ? ಎಷ್ಟು ಇಸ್ಕೊಂಡ್ರಿ?"

ಕರೆಪ್ಪ ನೆಲ ನೋಡಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಸಂಜೆಯೊಳಗೆ ಅವರನ್ನೇ ಬಂಧಿಸುವ ಮಾತು ಠಾಣೆಯಲ್ಲಿ ಆಗಲೇ ನಡೆದಿತ್ತು.

*

ಪಿಎಸ್‌ಐ ಮೈತ್ರೇಯಿ ಮೊಬೈಲ್ ಬೆಳಕು ಬಿಟ್ಟು ಕೋಳವನ್ನು ನೋಡುತ್ತಿದ್ದಳು. ಮಂಚದ ಕೆಳಗೆ ತಲೆಪಿನ್ನೊಂದು ಸಿಕ್ಕಿತ್ತು. ಅದು ತನ್ನದೆಂದು ಒಪ್ಪಿಕೊಂಡ ನರ್ಸ್ ಲಿಖಿತಾ ಬಾಗಿಲಲ್ಲಿ ಅಳುತ್ತಿದ್ದಳು.

"ಇವಳನ್ನೂ ಕರ್ಕೊಂಡು ಹೋಗೋಣ," ಎಂದರು ರೇವಣಸಿದ್ದಪ್ಪ.

"ಬೀಗದ ತೂತಿನಲ್ಲಿ ಒಂದು ಗೀರೂ ಇಲ್ಲ ಸಾರ್. ಪಿನ್ನಲ್ಲಿ ಬಿಚ್ಚಿದೋನು ಹಂಗೇ ಬಿಟ್ಟು ಓಡ್ತಾನೆ. ಮತ್ತೆ ಬೀಗ ಹಾಕ್ತಾ ಕೂರಲ್ಲ."

"ಕರೆಪ್ಪ ಹಾಕಿರ್ತಾನೆ, ನಮ್ಮ ಕಣ್ಣಿಗೆ ಮಣ್ಣೆರಚೋಕೆ."

"ಸಾರ್, ಸ್ವಲ್ಪ ನಿಮ್ಮ ಕೈ ಕೊಡಿ."

"ಬಳೆ ತೊಡಿಸ್ತೀರೇನ್ರೀ?"

ಮೈತ್ರೇಯಿ ಇನ್‌ಸ್ಪೆಕ್ಟರರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಬೀಗ ಬಿದ್ದಿದ್ದ ಖಾಲಿ ಬಳೆಯೊಳಗೆ ಕೈಯನ್ನು ತಳ್ಳಿದಳು. ಗೆಣ್ಣಿನ ಹತ್ತಿರ ತುಸು ತಡೆಯಿತು. ಆಮೇಲೆ ಸರಕ್ಕನೆ ಒಳಹೋಯಿತು. ಹಾಗೆಯೇ ಹೊರಗೂ ಬಂತು. ಇನ್‌ಸ್ಪೆಕ್ಟರರ ನಗು ನಿಂತಿತು.

"ಇದಕ್ಕೆ ಎರಡನೇ ಬೀಗವೂ ಬಿದ್ದಿದೆ ಸಾರ್. ಬಿದ್ದಮೇಲೆ ಬಳೆ ಹಿಗ್ಗಲ್ಲ, ಕುಗ್ಗಲ್ಲ. ಹಾಕಿದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ನಿಮ್ಮ ಕಣ್ಣಿಗೆ ಮಣ್ಣೆರಚೋನು ಇಷ್ಟು ಸಡಿಲ ಬಿಡ್ತಿದ್ನಾ?"

"ಮತ್ತೆ?"

"ಹಾಕಿದಾಗ ಕೈ ದಪ್ಪ ಇತ್ತು."

ಅವಳು ಕರೆಪ್ಪನ ಕಡೆ ತಿರುಗಿದಳು. ಅವರ ಮುಖ ಬೆವೆತಿತ್ತು.

*

ಕೈ ದಪ್ಪ ಮಾಡಿದ್ದ ವಸ್ತು ಸಿಕ್ಕಿದ್ದು ಬಚ್ಚಲಮನೆಯ ಹಳದಿ ಕಸದ ಡಬ್ಬಿಯಲ್ಲಿ. ಉದ್ದನೆಯ ಬ್ಯಾಂಡೇಜು, ಅದರೊಳಗೆ ಹತ್ತಿಯ ಮೂರು ದಪ್ಪ ಸುರುಳಿ. ಕೊನೆಗೆ ಅಂಟಿಸಿದ್ದ ಟೇಪಿನ ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ.

ಗಾಯ ಕಟ್ಟುವ ಕೆಲಸದ ವಿಜಯಕುಮಾರ್‌ನನ್ನು ಕರೆಸಿದರು. ಮೂವತ್ತರ ಆಸುಪಾಸು, ಶುಭ್ರ ಅಂಗಿ, ಮೆತ್ತನೆಯ ಮಾತು.

"ಹೌದು ಮೇಡಂ, ಬೆಳಿಗ್ಗೆ ಕಟ್ಟಿದ್ದು ನಾನೇ. ಇವರೇ ಹೇಳಿ ಕಟ್ಟಿಸಿದ್ರು," ಎಂದು ಕರೆಪ್ಪನ ಕಡೆ ಕೈ ತೋರಿಸಿದ. "ದಪ್ಪಗೆ ಕಟ್ಟಪ್ಪಾ ಅಂದ್ರು."

"ದಪ್ಪಗೆ ಅಂತ ನಾನೆಲ್ಲಿ ಅಂದೆ?" ಕರೆಪ್ಪ ಮುಂದೆ ಬಂದರು. "ಕೋಳ ಒತ್ತಿ ಚರ್ಮ ಕಿತ್ತಿದೆ, ಉರಿ ಅಂತ ಅತ್ತ ಮೇಡಂ. ಏನಾದ್ರೂ ಕಟ್ಟು ಅಂದೆ. ಅದರ ಮೇಲೆ ಕೋಳ ಹಾಕ್ದೆ."

"ಒಪ್ಕೊಂಡ ನೋಡ್ರೀ!" ಎಂದರು ರೇವಣಸಿದ್ದಪ್ಪ.

ಮೈತ್ರೇಯಿ ವಾರ್ಡಿನಲ್ಲಿ ಒಂದು ಸುತ್ತು ಹಾಕಿ ಬಂದಳು. ವಿಜಯಕುಮಾರ್ ಕಟ್ಟಿದ ಪ್ರತಿ ಪಟ್ಟಿಯಲ್ಲೂ ಟೇಪಿನ ತುದಿ ಮಡಚಿತ್ತು.

"ಸುಮನ್ ಮೊದಲೇ ಗೊತ್ತಾ?"

"ಇಲ್ಲ ಮೇಡಂ."

"ಮನೆಗಳಿಗೆ ಹೋಗಿ ಗಾಯ ಕಟ್ತೀರಾ? ಪದ್ಮನಾಭನಗರ ಕಡೆ?"

"ಅಯ್ಯೋ, ಇಲ್ಲ. ಡ್ಯೂಟಿ ಮುಗಿದ್ರೆ ಸೀದಾ ರೂಮು."

ಮೈತ್ರೇಯಿ ಒಂದು ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಎತ್ತಿಕೊಂಡವರು ಸೀತಾಲಕ್ಷ್ಮಿ. ಪದ್ಮನಾಭನಗರದಲ್ಲಿ ಒಡವೆ ಕಳಕೊಂಡ ಐವರಲ್ಲಿ ಒಬ್ಬರು.

"ಅಜ್ಜಿ, ನಿಮ್ಮ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟೋರು ಯಾರು?"

"ವಿಜಯಕುಮಾರ ಕಣಮ್ಮ, ಆಸ್ಪತ್ರೆಯೋನು. ಬಿಚ್ಚುವಾಗ ನೋವೇ ಆಗಲ್ಲ. ನಮ್ಮ ಬೀದೀಲಿ ಎಲ್ರೂ ಅವನನ್ನೇ ಕರೆಸೋದು. ಯಾಕಮ್ಮ, ಒಡವೆ ಸಿಕ್ತಾ?"

ವಿಜಯಕುಮಾರ್ ಬಾಗಿಲ ಕಡೆ ನೋಡಿದ. ಅಲ್ಲಿ ರೇವಣಸಿದ್ದಪ್ಪ ನಿಂತಿದ್ದರು.

*

"ಆ ಅಜ್ಜಿ ಹೇಳಿಕೆ ತಗೊಳ್ಳೋಕೆ ಹೋದಾಗ ಕಾಲಿನ ಪಟ್ಟಿ ನೋಡಿದ್ದೆ ಸಾರ್," ಎಂದಳು ಮೈತ್ರೇಯಿ. "ತುದಿ ಹೀಗೇ ಮಡಚಿತ್ತು. ಗಾಯ ಕಟ್ಟೋಕೆ ಬಂದೋನ ಮುಂದೆ ಜನ ಕಪಾಟು ತೆಗೀತಾರೆ, ಮುಚ್ಚುಮರೆ ಇಲ್ಲ. ಯಾವ ಕಪಾಟು ಅಂತ ಇವನು ಹೇಳ್ತಿದ್ದ, ಸುಮನ್ ಕದೀತಿದ್ದ. ಠಾಣೆಗೆ ಹತ್ತಿರದ ಆಸ್ಪತ್ರೆ ಇದೇ ಅಂತ ಸುಮನ್‌ಗೆ ಗೊತ್ತಿತ್ತು. ಹೊಟ್ಟೆನೋವಿನ ನಾಟಕ ಆಡಿದ. ಸುಮನ್ ಬಾಯಿಬಿಟ್ರೆ ತಾನೂ ಒಳಗೆ ಅಂತ ಇವನು ಹತ್ತಿ ಸುತ್ತಿದ. ಕರೆಪ್ಪನವರು ಕೆಳಗೆ ಇಳಿದ ತಕ್ಷಣ ಸುಮನ್ ಟೇಪು ಎಳೆದ, ಕೋಳದ ಸಂದಿಯಿಂದ ಹತ್ತಿ ಕಿತ್ತ, ಕೈ ಜಾರಿಸ್ಕೊಂಡ."

ಮೂರು ಗಂಟೆಗೆ ಸುದ್ದಗುಂಟೆಪಾಳ್ಯದಲ್ಲಿ, ವಿಜಯಕುಮಾರ್‌ನ ಬಾಡಿಗೆ ರೂಮಿನಲ್ಲಿ ಸುಮನ್ ಸಿಕ್ಕಿಬಿದ್ದ.

ಸಂಜೆ ಮೈತ್ರೇಯಿ ವರದಿ ಬರೆದಳು. ಕರೆಪ್ಪ ಲಂಚ ಪಡೆದಿಲ್ಲ, ಸಂಚಿನಲ್ಲಿ ಪಾಲಿಲ್ಲ. ಆದರೆ ಪಟ್ಟಿಯ ಮೇಲೆ ಕೋಳ ಹಾಕಿದ್ದು, ಆರೋಪಿಯನ್ನು ಒಂಟಿಯಾಗಿ ಬಿಟ್ಟುಹೋಗಿದ್ದು ಕರ್ತವ್ಯಲೋಪ. ಬಂಧನ ತಪ್ಪಿತು. ಅಮಾನತು ತಪ್ಪಲಿಲ್ಲ.

ಕರೆಪ್ಪ ನಿಧಾನವಾಗಿ ಓದಿದರು. "ಬರೆದಿದ್ದು ಸರಿಯಾಗಿದೆ ಮೇಡಂ."

"ಬೆಳಿಗ್ಗೇನೇ ನನಗೆ ಹೇಳಬಹುದಿತ್ತಲ್ಲ?"

"ಏನಂತ? ಕಳ್ಳನ ಕೈ ನೋಯುತ್ತೆ ಅಂತ ಪೊಲೀಸ್‌ನೋನು ಪಟ್ಟಿ ಕಟ್ಟಿಸಿದ ಅಂತ್ಲಾ? ನೀವೇ ನಂಬ್ತಿರಲಿಲ್ಲ."

ಮೈತ್ರೇಯಿ ವರದಿಯನ್ನು ತನ್ನ ಕಡೆ ಎಳೆದುಕೊಂಡು ಕೆಳಗೆ ಸಹಿ ಹಾಕಿದಳು.