ತುಂಬೆಗುಡ್ಡದ ಜೇನು

ಬಹಳ ಹಿಂದೆ, ಮಳೆ ನಿಂತೊಡನೆ ಗುಡ್ಡವೆಲ್ಲ ಹೂವಾಗುತ್ತಿದ್ದ ಒಂದು ರಾಜ್ಯವಿತ್ತು. ಅಲ್ಲಿ ತುಂಬೆಗುಡ್ಡದ ಒಡೆಯ ಕೆಂಡಗಣ್ಣನೆಂಬ ಮಾಂತ್ರಿಕ. ಮಹಾ ಜಿಪುಣ, ಒಂದು ಹೂವನ್ನೂ ಬಿಟ್ಟುಕೊಡುವ ಆಸಾಮಿಯಲ್ಲ. ಒಂದು ಶರತ್ಕಾಲದಲ್ಲಿ ಮೇವಿಗೆ ಹೋದ ಈರಬಸನೆಂಬ ಹುಡುಗ ಹುಲ್ಲಿನ ಜೊತೆ ಹೂವನ್ನೂ ಕೊಯ್ದುಬಿಟ್ಟ. ಮಾಂತ್ರಿಕ ಅವನನ್ನು ಹುಳುವಾಗಿಸಿ ಹೂಗಳ ಚಾಕರಿಗೆ ಹಚ್ಚಿದ.

ಸುದ್ದಿ ಕೇಳಿದ ಅಕ್ಕ ಸಂಗವ್ವ ಉರಿಯುವ ಒಲೆ ಬಿಟ್ಟು ಗುಡ್ಡಕ್ಕೆ ಓಡಿದಳು. ತಂದೆತಾಯಿ ಇಲ್ಲದ ಅವಳಿಗೆ ತನ್ನವನೆಂದು ಇದ್ದವನು ಅವನೊಬ್ಬನೇ.

"ನನ್ನ ತಮ್ಮನ್ನ ಕೊಡ್ರೀ," ಎಂದಳು.

"ಹೊತ್ತು ಮುಳುಗೂದ್ರಾಗ ಗುರ್ತು ಹಿಡಿ. ಮೂರು ಸಲ ಮುಟ್ಟು. ಮೂರೂ ತಪ್ಪಿದ್ರ ನೀನೂ ಹುಳ," ಎಂದು ಮಾಂತ್ರಿಕ ಹಲ್ಲು ಕಿರಿದ.

ಗುಡ್ಡದ ತುಂಬ ಸಾವಿರಾರು ರೆಕ್ಕೆಗಳು. ಹಳದಿ ಚಿಟ್ಟೆಯೊಂದು ಅವಳ ಸುತ್ತಲೇ ಸುಳಿಯಿತು. ತಮ್ಮನಿಗೆ ಹಳದಿ ರುಮಾಲು ಎಂದರೆ ಪ್ರಾಣ. ಮುಟ್ಟಿದಳು. ಅದು ಹಾರಿಹೋಯಿತು, ಅವಳ ಹಣೆಯಲ್ಲಿ ಹುಳದಂಥ ಎರಡು ಮೀಸೆ ಮೊಳೆತವು.

ಆಮೇಲೆ ಜೇನೊಂದು ಅಂಗೈ ಮೇಲೆ ಕೂತಿತು, ಕಚ್ಚಲಿಲ್ಲ. ತಮ್ಮನಲ್ಲದೆ ಇನ್ಯಾರು! ಮುಟ್ಟಿದಳು.

"ಅದು ಜೇನಿನ ವೇಷದ ನೊಣ! ರೆಕ್ಕಿ ಎಣಸಬಾರದೇನ? ಜೇನಿಗೆ ನಾಕು, ನೊಣಕ್ಕ ಎರಡ," ಎಂದು ಮಾಂತ್ರಿಕ ನಕ್ಕ. ಸಂಗವ್ವನ ಬೆನ್ನಲ್ಲಿ ರೆಕ್ಕೆ ಚಿಗುರಿತು.

ಬಿಸಿಲು ಕೆಂಪಾಯಿತು. ಈ ಸಲ ಅವಳು ಅವಸರ ಮಾಡದೆ ಮಂಡಿಯೂರಿ, ಉಸಿರು ಬಿಗಿಹಿಡಿದು ನೋಡಿದಳು. ಪ್ರತಿ ಜೇನೂ ತುಂಬೆಹೂವಿಗೆ ಮುಖವಿಟ್ಟು ನಾಲಿಗೆ ಚಾಚಿ ಹೀರುತ್ತಿತ್ತು. ಒಂದು ಮಾತ್ರ ಹೂವಿಂದ ಹೂವಿಗೆ ಹಾರುತ್ತಿತ್ತು, ಮೈತುಂಬ ಪರಾಗ ಹೊರುತ್ತಿತ್ತು, ಮಕರಂದದ ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ. ಸೋತು ನೆಲಕ್ಕೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.

ಇದೇಕೆ ಉಪವಾಸ? ಸಂಗವ್ವನಿಗೆ ಥಟ್ಟನೆ ಹೊಳೆಯಿತು. ಬೆಳಗಿನಿಂದ ಅವಳೂ ಉಂಡಿರಲಿಲ್ಲ. ಅವ್ವ ಸತ್ತಂದಿನಿಂದ ಅಕ್ಕತಮ್ಮಂದಿರು ಉಣ್ಣುವುದು ಒಂದೇ ಗಂಗಾಳದಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರು ತುತ್ತು ಎತ್ತಿದವರಲ್ಲ.

ಸೂರ್ಯನ ಅಂಚಷ್ಟೇ ಉಳಿದಿತ್ತು. ಮಾಂತ್ರಿಕ ಕೋಲೆತ್ತಿದ. ಅವಳು ಬೆರಳು ಚಾಚಿ ಆ ಜೇನನ್ನು ಮುಟ್ಟಿದಳು.

"ತಮ್ಮಾ!"

ಮಾಯೆ ಒಡೆಯಿತು. ಮೀಸೆ, ರೆಕ್ಕೆ ಉದುರಿದವು. ಮಂತ್ರ ತಿರುಗಿಬಿದ್ದು ಕೆಂಡಗಣ್ಣ ನೊಣವಾಗಿ ಹೂವಿನ ಚಾಕರಿಗೆ ಹೊರಟ. ಪರಾಗ ಮೆತ್ತಿದ ಮುಖದ ಈರಬಸ ಅಕ್ಕನ ಕೈ ಹಿಡಿದು ಅತ್ತುಬಿಟ್ಟ.

"ನೀ ಉಂಡಿಲ್ಲ ಹೌದಿಲ್ಲೋ, ಅಕ್ಕಾ? ನಡಿ ಮನಿಗೆ, ಹೊಟ್ಟಿ ಭಾಳ ಹಸದೈತಿ."

ಅಂದಿನಿಂದ ಅವರಿಗೆ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಕತೆ ಕೇಳಿದ ನಿಮಗೂ ಅಷ್ಟೇ ಸಿಗಲಿ.