ಸುಡದ ಕೊಂಬೆ

ಲೈನ್‌ಮನ್ ಉದ್ದಣ್ಣ ಕಂಬದ ಮೇಲೆ ಸೊಂಟದ ಬೆಲ್ಟಿಗೆ ಜೋತುಬಿದ್ದಿದ್ದ. ಉಸಿರಿರಲಿಲ್ಲ. ಲೈನಿಗೆ ಕರೆಂಟ್ ಬಿಟ್ಟವನು ಸಬ್‌ಸ್ಟೇಷನ್ ಆಪರೇಟರ್, ಸತ್ತವನ ಹೆಂಡತಿಯ ಸ್ವಂತ ತಮ್ಮ.

ಅಂಗೈ ಮೇಲಿನ ನೆಲ್ಲಿಕಾಯಿಯಂಥ ಕೇಸು ಎಂದರು ಎಲ್ಲರೂ. ಅಂಥ ನೆಲ್ಲಿಕಾಯಿ ಕಂಡರೆ ಇನ್ಸ್‌ಪೆಕ್ಟರ್ ಮೇಡಂಗೆ ಮೊದಲಿಂದಲೂ ಅನುಮಾನ.

"ಇಂಜಿನಿಯರ್ ಸಾಹೇಬ್ರು ಲೈನ್ ಚಾರ್ಜ್ ಮಾಡು, ಕರೆಂಟ್ ಬಿಡು ಅಂದ್ರು, ಬಿಟ್ಟೆ," ಆಪರೇಟರ್ ತಲೆ ಎತ್ತಲಿಲ್ಲ. "ತಕ್ಷಣ ಟ್ರಿಪ್ ಆಗಿ ಕರೆಂಟ್ ತಾನಾಗೇ ನಿಂತ್ಹೋಯ್ತು. ಲೈನು ಎಲ್ಲೋ ನೆಲಕ್ಕೆ ತಾಗ್ತಿದೆ ಅಂತ ಅರ್ಥ. ಆಮೇಲೆ ಅವ್ರೇ ಫೋನ್ ಮಾಡಿ, 'ಫಾಲ್ಟ್ ತೆಗ್ದೆ, ಮತ್ತೆ ಬಿಡು' ಅಂದ್ರು. ಭಾವ ಇಳಿದ್ರಾ ಅಂತ ಕೇಳ್ದೆ. ಹೂಂ ಅಂದ್ರು."

"ಕಾಯ್ತಾ ಇರು ಅಂದಿದ್ದೆ," ಎಂದರು ಇಂಜಿನಿಯರ್. "ಲೈನ್ ಮೇಲೆ ಕೊಂಬೆ ಬಿದ್ದಿತ್ತು, ತೆಗ್ದೆ. ಇವನು ಕಾಯಲಿಲ್ಲ. ಆ ಉದ್ದಣ್ಣನೋ, ಅರ್ತಿಂಗ್ ಸರಪಳಿನೇ ಹಾಕಿರಲಿಲ್ಲ."

ತಪ್ಪಿ ಕರೆಂಟ್ ಬಂದರೂ ಮೈಗೆ ಹರಿಯದಂತೆ, ಕೆಲಸ ಮುಗಿಯುವವರೆಗೂ ಲೈನನ್ನು ನೆಲಕ್ಕೆ ಸೇರಿಸುವ ಸರಪಳಿ ಅದು. ಅದಿಲ್ಲದೆ ಉದ್ದಣ್ಣ ಕಂಬ ಮುಟ್ಟಿದವನಲ್ಲ.

ಠಾಣೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. "ನನ್ನ ತಮ್ಮನೇ ಕೊಂದ್ನಾ ಮೇಡಂ? ಅದೊಂದು ಹೇಳ್ಬಿಡಿ."

* * *

ಮೇಡಂ ಲೈನಿನ ಹತ್ತಿರ ಹೋಗಿ ಆ ಕೊಂಬೆ ನೋಡಿದರು. ಎಲೆ ಹಸಿರಾಗಿತ್ತು, ಸುಟ್ಟ ಗುರುತಿಲ್ಲ. ಉದ್ದಣ್ಣನ ಚೀಲದಲ್ಲಿ ಬಿರುಕು ಬಿಟ್ಟ ಹಳೆಯ ಪಿಂಗಾಣಿ ಇತ್ತು, ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿಯುವ ಇನ್ಸುಲೇಟರ್. ಕಂಬದ ಮೇಲೆ ಹೊಸದು ಕೂತಾಗಿತ್ತು. ಅವನ ಕಂಬ ರಸ್ತೆ ತಿರುವಿನ ಆಚೆ; ಈಚೆಗಿನ ಕಂಬದ ಬುಡದಲ್ಲಿ, ಮಣ್ಣಿನಲ್ಲಿ, ಬೆರಳು ದಪ್ಪದ ಹೊಸ ತೂತು.

* * *

"ನಿಜವಾದ ಫಾಲ್ಟು ಬಿರುಕು ಬಿಟ್ಟ ಪಿಂಗಾಣಿ," ಮೇಡಂ ಇಂಜಿನಿಯರ್ ಕಡೆ ತಿರುಗಿದರು. "ಉದ್ದಣ್ಣ ಅದನ್ನ ಬದಲಾಯಿಸಿ ಆಗಿತ್ತು. ಕೊಂಬೆ ಲೈನಿಗೆ ತಾಗಿದ್ರೆ ಸುಟ್ಟಿರೋದು. ಹಾಗಾದ್ರೆ ಮೊದಲ ಸಲ ಟ್ರಿಪ್ ಮಾಡಿಸಿದ್ದು ಯಾವುದು?"

ಮೇಡಂ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದರು.

"ಅವನ ಸರಪಳಿ. ಕರೆಂಟನ್ನ ನೆಲಕ್ಕೆ ಹರಿಸಿ ಅದು ಅವನ ಜೀವ ಉಳಿಸಿತ್ತು. ಫಾಲ್ಟ್ ಹುಡುಕ್ತಾ ಬಂದ ನಿಮಗೆ ಅದೇ ಫಾಲ್ಟಾಗಿ ಕಾಣ್ತು. ಯಾರೋ ಮರೆತು ಹೋಗಿದ್ದಾರೆ ಅಂತ ಬಿಚ್ಚಿದ್ರಿ, ನೆಲಕ್ಕೆ ಊರಿದ್ದ ಅದರ ಸಲಾಕೆನೂ ಕಿತ್ರಿ; ತೂತು ಇನ್ನೂ ಅಲ್ಲೇ ಇದೆ. ತಿರುವಿನಾಚೆ ಅವನಿನ್ನೂ ಕಂಬದ ಮೇಲಿದ್ದಾನಾ ಅಂತ ನೋಡಲಿಲ್ಲ. ಸುಳ್ಳಿಗೆ ಸಾಕ್ಷಿಯಾಗಲಿ ಅಂತ ನೀವು ಕೊಂಬೆ ಮುರಿದದ್ದು ಅವನು ಸತ್ತ ಮೇಲೆ."

ಕಾನ್‌ಸ್ಟೇಬಲ್ ಸರಪಳಿಯನ್ನು ಮೇಜಿನ ಮೇಲಿಟ್ಟ. ಸಾಹೇಬರ ಜೀಪಿನ ಸೀಟಿನಡಿ ಸಿಕ್ಕಿತ್ತು.

"ಊರಿಗೆಲ್ಲ ಕರೆಂಟಿರಲಿಲ್ಲ," ಇಂಜಿನಿಯರ್ ದನಿ ಕುಸಿಯಿತು. "ಮೇಲಿಂದ ಒಂದೇ ಸಮ ಫೋನು. ಇಳಿದಿರ್ತಾನೆ ಅಂದ್ಕೊಂಡೆ."

ತಪ್ಪಾಗಿ ಬಿಚ್ಚಿದ್ದಕ್ಕಿಂತ, ಆ ಪಾಪವನ್ನು ಸತ್ತವನ ಭಾಮೈದನ ತಲೆಗೆ ಕಟ್ಟಿದ್ದು ಮೇಡಂಗೆ ಹೇಸಿಗೆ ಹುಟ್ಟಿಸಿತು.

ಅಕ್ಕ ತಮ್ಮನ ಹತ್ತಿರ ಹೋಗಿ ಕೈ ಹಿಡಿದಳು. "ಎದ್ದೇಳು. ಮಕ್ಕಳು ಮಾಮ ಎಲ್ಲಿ ಅಂತಿದ್ದಾವೆ."

"ಸ್ವಿಚ್ ಒತ್ತಿದ್ದು ನಾನೇ ಅಲ್ವೇನಕ್ಕ?"

"ಹೌದು," ಎಂದಳು ಅವಳು. ಹಿಡಿದ ಕೈ ಬಿಡಲಿಲ್ಲ.